ಟ್ಯಾಕ್ಸಿ ಲೇನಿನಲ್ಲಿ ಹೈಬ್ರಿಡ್

ಕೊಲ್ಲಿ ದೇಶದ ರಾಸ್ ಅಲ್ ಖೋರ್‌ನ ಗ್ಯಾರೇಜಿನಲ್ಲಿ ನಾನು ಕಾಯುತ್ತಿದ್ದಾಗ ಪಕ್ಕದ ಬೆಂಚಿನಲ್ಲಿ ಮಂಗಳೂರು ಕಡೆಯ ಇಬ್ಬರು ಮಾತಾಡುತ್ತಿದ್ದರು.

"ಟ್ಯಾಕ್ಸಿಯೂ ಹೈಬ್ರಿಡ್, ನನ್ನದೂ ಹೈಬ್ರಿಡ್. ಟ್ಯಾಕ್ಸಿ ಲೇನಿನಲ್ಲಿ ಹೋದದ್ದಕ್ಕೆ ನನಗೆ ಮಾತ್ರ ಯಾಕೆ ಫೈನ್, ಪಾಯ್ಸರೇ?"

"ಆ ಲೇನು ಬಸ್ಸಿಗೆ, ಟ್ಯಾಕ್ಸಿಗೆ ಮಾತ್ರ, ಇಲ್ಯಾಸ್. ಹೈಬ್ರಿಡ್ಡನ್ನು ಬಿಡ್ತಾರೆ ಅಂತ ಯಾರು ಹೇಳಿದ್ದು?"

"ಕಾರು ಮಾರಿದವ. ಅದಕ್ಕೇ ಅಲ್ವಾ ತಗೊಂಡದ್ದು!"

"ಅಷ್ಟು ಅರ್ಜೆಂಟ್ ಎಂಥದ್ದು ಮಾರಾಯ?"

"ಮಗಳು. ಅವಳು ಏಳುವ ಮೊದಲೇ ಹೊರಡ್ತೇನೆ, ಟ್ರಾಫಿಕ್ ದಾಟಿ ಮನೆಗೆ ಮುಟ್ಟುವಾಗ ಮಲಗಿರ್ತಾಳೆ. ಮೊನ್ನೆ ರಜೆಯಲ್ಲಿ ಎತ್ತಿಕೊಂಡ್ರೆ ಗುರ್ತ ಸಿಗದೆ ಅತ್ತಳು."



"ನಾಳೆ ನನ್ನೊಟ್ಟಿಗೆ ಬಸ್ಸಿಗೆ ಬಾ. ಅದು ಆ ಲೇನಿನಲ್ಲೇ ಹೋಗ್ತದೆ."

"ಹೊಸ ಕಾರು ಬಿಟ್ಟು ಬಸ್ಸಾ?"

"ಮಗಳು ಎಚ್ಚರ ಇರ್ತಾಳೆ."

ಇಲ್ಯಾಸನ ಕಾರು ರೆಡಿ ಎಂದು ಗ್ಯಾರೇಜಿನವರು ಕೂಗಿದರು. ಇಬ್ಬರೂ ಎದ್ದರು. ಬಾಗಿಲು ದಾಟುವಾಗ ಇಲ್ಯಾಸ್ ಕೇಳಿದ:

"ಬಸ್ಸು ಎಷ್ಟು ಹೊತ್ತಿಗೆ, ಪಾಯ್ಸರೇ?"