ಎಡೆ ಮುಂದಿಡೋ ಫೋಟೋ

...ಅಲ್ಲ ಮರಿಸ್ವಾಮಣ್ಣ, ತಂದು ಟೇಬಲ್ ಮೇಲೆ ಮಡಗ್ಬುಟ್ಟು ಸುಮ್ನೆ ನಿಂತ್ಕಂಡ್ರೆ ನಂಗೆಂಗೆ ಗೊತ್ತಾಗ್ಬೇಕು? ಬಾಯ್ಬುಟ್ಟು ಯೋಳು! ಫ್ರೇಮು ಸರಿಯಿಲ್ವಾ? ಗಾಜು ಒಡ್ದೋಗದಾ? ಇಲ್ವಲ್ಲ! ಬೆಳಿಗ್ಗೆ ಎಂಟ್ಗಂಟೆ ಬಸ್ಸಿಗೆ ಅರಕೆರೆಯಿಂದ ಶ್ರೀರಂಗಪಟ್ಣಕ್ಕೆ ಇದ್ನ ಟವಲಲ್ಲಿ ಸುತ್ಕಂಡು, ತೊಡೆ ಮೇಲೆ ಮಡಿಕಂಡು ಬಂದಿದ್ದೀಯ ಅಂದ್ರೆ ಏನೋ ಅದೆ. ಕೂತ್ಕೊ. ಕುರ್ಚಿ ಅದಲ್ಲ, ಕೂತ್ಕೊ... ಕೂತ್ಕಳಾಕಿಲ್ವಾ? ಸರಿ, ನಿಂತ್ಕೊ ಅಂಗಾರೆ. ನಿನ್ ಕಾಲು, ನಿನ್ ಇಷ್ಟ.

ನಾಳೆ ಅತ್ಗೆದು ಹನ್ನೊಂದ್ನೇ ದಿನದ ತಿಥಿ. ಎಡೆ ಮುಂದೆ ಮಡಗಾಕೆ ಫೋಟೋ ಬೇಕು ಕಣ್ಲಾ ನಾಗ, ನಿನ್ ತಾವ ಅವಳ್ದು ಅವೆ ಅಲ್ವಾ ಅಂದೆ ನೀನು. ಅವೆ ಕಣಣ್ಣ ಅಂದೆ ನಾನು. ನಿನ್ನೆ ನಾನೇ ತಂದ್ಕೊಟ್ಟೆ. ಎಷ್ಟ್ ದೊಡ್ಡ ಸೈಜು! ಎಷ್ಟ್ ಕಿಲೀನಾಗದೆ! ಇಂಗೆ ಬಗ್ಗಿ ನೋಡು, ಒಂದೊಂದು ಕೂದ್ಲೂ ಬಿಡಿಬಿಡಿಯಾಗಿ ಕಾಣ್ತದೆ. ಇಡೀ ಪಾಂಡವಪುರ ಸುತ್ತಾಡ್ಕಂಡು ಬಾ, ನಾಗಮಂಗ್ಲಕ್ಕೋಗು, ಕೆ.ಆರ್.ಪೇಟೆಗೋಗು, ಇಂಥದ್ದು ಒಂದು ತೋರ್ಸು, ಈ ಸ್ಟುಡಿಯೋಗೆ ಬೀಗ ಹಾಕ್ಬುಡ್ತೀನಿ!

ನಗಾಕಿಲ್ವಲ್ಲ ನೀನು. ಒಂದು ಕಾಲ್ದಲ್ಲಿ ನಾನು ಬಾಯ್ಬುಟ್ರೆ ಸಾಕು ನಗೋನು.

ಏನು? ಬೆಟ್ಟು ಮಡಗಿ ಏನ್ ತೋರಿಸ್ತಿದ್ದೀಯ... ಕಣ್ಣಾ? ಎರಡೂ ಕಣ್ಣು ಸಮ ಅವೆ ಅಂತಾನಾ? ಅಯ್ಯೋ ದೇವ್ರೇ! ಸಮ ಇದ್ರೂ ತಪ್ಪಾ ಅಣ್ಣಾ? ಅದು ಲೆನ್ಸು ಕಣಣ್ಣ, ಲೆನ್ಸು! ನೀನು ಜೀವ್ಮಾನ ಪೂರ್ತಿ ಒಂದೇ ಲೆನ್ಸು ತಿರುಗಿಸ್ಕಂಡು ಕಾಲ ಹಾಕ್ದೋನು. ಮೂಗಿನ ಹತ್ರಕ್ಕೇ ಓಗಿ ತೆಗ್ದ್ರೆ ಮೂಗು ದಪ್ಪ, ಕಿವಿ ಸಣ್ಣ, ಒಂದ್ ಕಣ್ಣು ಅಲ್ಲಿ, ಒಂದ್ ಕಣ್ಣು ಇಲ್ಲಿ. ಇದು ಎಂಬತ್ತೈದು ಎಮ್ಮೆಮ್ಮು! ದೂರ ನಿಂತು ತೆಗ್ಯಾದು. ಮೊಕ ಎಂಗದೋ ಅಂಗೇ ಬತ್ತದೆ. ಕ್ಯಾಮೆರಾದಾಗೆ ಒಳ್ಳೆ ಸೆನ್ಸಾರು, ಒಳ್ಳೆ ಗ್ಲಾಸು ಇದ್ರೆ ಮನ್ಸರು ಇರಾಂಗೇ ಕಾಣಾದು. ನೀನು ಮೂವತ್ತು ವರ್ಷ ನೋಡಿದ್ದು ಬರಿಗಣ್ಣಲ್ಲಿ, ಅಷ್ಟೇ!

ಏನ್ ಅಂಗ್ ನೋಡ್ತೀಯ? ನಾನೇನು ಸುಳ್ಳು ಯೋಳಿದ್ನಾ?

ಎಷ್ಟು ಸಲ ಬಡ್ಕಂಡೆ ನಿಂಗೆ! ಅಣ್ಣಾ, ಆ ಡಬ್ಬ ಕ್ಯಾಮೆರಾ ಮಾರಾಕು, ಹೊಸ ಮಿರರ್‌ಲೆಸ್ ತಗೊ, ಕತ್ತಲೆ ಛತ್ರದಲ್ಲೂ ಫೋಕಸ್ಸು ತಾನೇ ಕಣ್ಣು ಹುಡಿಕ್ಕತದೆ, ಎಡಿಟಿಂಗ್ ಕಲ್ತ್ಕೊ, ಆನ್‌ಲೈನ್ ಕ್ಲಾಸು ಅವೆ, ನಾನೇ ಯೋಳಿಕೊಡ್ತೀನಿ ಅಂತ. ನೀನೇನಂದೆ? ‘ಕ್ಯಾಮೆರಾ ಏನ್ ಮಾಡ್ತದ್ಲಾ, ಮೊದ್ಲು ಕಣ್ಣು ಪಳಗ್ಬೇಕು.’ ಕಣ್ಣಂತೆ ಕಣ್ಣು! ಇಪ್ಪತ್ತೆಂಟು ವರ್ಷ ಅರಕೆರೇಲಿ ಸ್ಟುಡಿಯೋ ಇಟ್ಕಂಡು, ಊರೋರ್ದೆಲ್ಲಾ ಮದ್ವೆ, ನಾಮಕರಣ, ಆರತಿ ಎಲ್ಲಾ ತೆಗ್ದೋನ್ತಾವ ಕಟ್ಕಂಡ ಹೆಂಡ್ತಿದು ಒಂದ್ ಫೋಟೋ ಇಲ್ಲ! ಒಂದು! ಪಳಗಿದ ಕಣ್ಣು ಏನ್ ಮಾಡ್ತಿತ್ತು ಅಷ್ಟ್ ದಿನ?

...ಗೊತ್ತು, ಗೊತ್ತು. ಅವ್ರೇ ಬುಡ್ತಿರ್ನಿಲ್ಲ. ಕ್ಯಾಮೆರಾ ಕಂಡ್ರೆ ‘ಬುಡಿ ಬುಡಿ’ ಅಂತ ಸೆರಗು ಅಡ್ಡ ಹಿಡ್ದು ಅಡ್ಗೆಮನೆಗೆ ಓಡೋಗೋರು. ಮಗಳು ಪವಿತ್ರನ ಮದ್ವೇಲೂ ಸೆರಗೊಳಗೇ ಮೊಕ. ಫೋನಲ್ಲೂ ಇಲ್ಲ. ಆಧಾರ್ ಕಾರ್ಡಲ್ಲಿ ಒಂದದೆ, ಅದ್ನ ನೋಡಿದ್ರೆ ಪೊಲೀಸ್ನೋರು ಹಿಡ್ಕಂಡೋಗ್ತಾರೆ.

ನನ್ ಮುಂದೆ ಮಾತ್ರ ಕೂತ್ಕತಿದ್ರು. ನನ್ ಮುಂದೆ! ನಿನ್ ಮುಂದಲ್ಲ! ಪಿಯುಸಿ ಬುಟ್ಟು ನಿನ್ ಸ್ಟುಡಿಯೋಗೆ ಸೇರ್ಕಂಡಾಗ ಆರು ತಿಂಗ್ಳು ಕ್ಯಾಮೆರಾ ಮುಟ್ಟಾಕೆ ಬುಡ್ನಿಲ್ಲ ನೀನು. ಪಾಸ್‌ಪೋರ್ಟ್ ಫೋಟೋ ಕತ್ತರಿಸ್ಕಂಡು ಕೂತಿದ್ದೆ ನಾನು. ಅತ್ಗೇನೇ ಮಧ್ಯಾಹ್ನ ನೀನು ಉಂಡು ಮಲಿಕ್ಕಂಡ ಮೇಲೆ ನಿನ್ ಕ್ಯಾಮೆರಾ ನನ್ ಕೈಗ್ ಕೊಟ್ಟು, ಹಿತ್ತಿಲ ಬಾಗ್ಲಲ್ಲಿ ಕೂತ್ಕಂಡು, ‘ಬಾರ್ಲಾ ನಾಗ, ನನ್ ಮೊಕದ ಮೇಲೇ ಕಲ್ತ್ಕೊ, ನಾನೇನು ಎದ್ದೋಗಾಕಿಲ್ಲ’ ಅಂದ್ರು. ಫೋಟೋಗಲ್ಲ ಅಣ್ಣಾ, ನನ್ ಪಾಠಕ್ಕೆ! ಬೆಳಕು ಪಕ್ಕದಿಂದ ಬಂದ್ರೆ ಎಂಗೆ, ಹಿಂದ್ಗಡೆಯಿಂದ ಬಂದ್ರೆ ಎಂಗೆ, ಎಲ್ಲಾ ಕಲ್ತಿದ್ದು ಅಲ್ಲೇ. ಮೂರು ತಿಂಗ್ಳು. ಅವರೆಕಾಯಿ ಬಿಡಿಸ್ಕಂಡು ಕೂತಿರೋರು, ನಾನು ತೆಗೀತಾ ಇರೋನು.

ಅದ್ರಲ್ಲೇ ಒಂದು ಇದು. ಅದೇ ಹಿತ್ತಿಲ ಬಾಗ್ಲು, ಮಧ್ಯಾಹ್ನದ ಬೆಳಕು. ಹಿಂದ್ಗಡೆ ಬ್ಲರ್ ಮಾಡಿ ನೀಲಿ ಹಾಕಿವ್ನಿ ಅಷ್ಟೇ. ಸಾಕಾ? ತಗೊಂಡೋಗು. ಹೂವಿನೋನ್ತಾವ ಸುಗಂಧರಾಜ ಹಾರ ಯೋಳ್ಬುಟ್ಟಿವ್ನಿ, ನಾಳೆ ನಾನೇ ತತ್ತೀನಿ...

ಇನ್ನೂ ಏನು? ಕಿವಿ? ಕಿವೀಲಿ ಏನದೆ? ಜುಮ್ಕಿ ಅದೆ. ಅವತ್ತು ಹಾಕಂಡಿದ್ರು. ಯಾಕೆ, ಹಾಕಬಾರ್ದಾ? ಹೆಣ್ಣೈಕ್ಳು ಆಸೆಪಟ್ಟು ಒಂದಿನ ಜುಮ್ಕಿ ಹಾಕಂಡ್ರೆ...

...

...ಹರಿದಿತ್ತು. ಹೂಂ. ಎಡಗಿವಿ ಹರಿದಿತ್ತು. ಪವಿತ್ರ ಕೂಸಾಗಿದ್ದಾಗ ಓಲೆ ಹಿಡ್ದು ಎಳ್ದ್ಬುಟ್ಟಿದ್ಲಂತೆ. ನಂಗೊತ್ತು! ನಂಗೊತ್ತು ಕಣಣ್ಣ! ನಂಗೇ ಯೋಳಿದ್ರು ಅತ್ಗೆ, ‘ಆ ಕಡೆಯಿಂದ ತೆಗೀಬ್ಯಾಡ ಕಣಪ್ಪ’ ಅಂತ. ಮರ್ತ್ಬುಟ್ಟೆ. ಅದು ಹಾಕಾಗ ಮರ್ತ್ಬುಟ್ಟೆ.

ಹೌದು, ಹಾಕಿದ್ದು! ಸಾಫ್ಟ್‌ವೇರಲ್ಲಿ ಹಾಕಿದ್ದು! ಆಯ್ತಾ? ಸಮಾಧಾನ ಆಯ್ತಾ ಈಗ? ಮೊಕ ಆಧಾರ್ ಕಾರ್ಡಿಂದು, ಸೀರೆ ಪವಿತ್ರನ ಮದ್ವೆ ಗ್ರೂಪ್ ಫೋಟೋದು, ಮಿಕ್ಕಿದ್ದೆಲ್ಲಾ ಎಐ ಮಾಡ್ಕಂತು. ಹಲ್ಲು ಅದೇ ಹಾಕಂತು, ಕಣ್ಣು ಅದೇ ಸಮ ಮಾಡ್ಕಂತು, ಜುಮ್ಕಿ ಕೇಳ್ದೆನೇ ಕೊಡ್ತು. ನಾನು ನಾಲ್ಕು ಸಲ ಬೇರೆ ಬೇರೆ ಮಾಡಿ ನೋಡ್ದೆ. ನಾಲ್ಕರಲ್ಲಿ ಇದೇ ವಾಸಿ!

ಯಾರ್ ಮಾಡಾಕಿಲ್ಲ ಯೋಳು? ಈಗ ಎಲ್ರೂ ಇಂಗೇ ಮಾಡ್ತಾವ್ರೆ! ನೀನ್ ಮಾಡಿಲ್ವಾ? ಅರಕೆರೆ ಮರಿಯಯ್ಯ ಸತ್ತಾಗ ರೇಷನ್ ಕಾರ್ಡಿಂದ ತಲೆ ಎತ್ತಿ ಕೋಟು, ಟೈ ಹಾಕ್ಸಿ ಕೊಟ್ಟಿದ್ದು ಯಾರು? ಜೀವ್ಮಾನದಲ್ಲಿ ಬನೀನು, ಪಟಾಪಟಿ ಚಡ್ಡಿ ಬುಟ್ಟು ಬೇರೆ ಕಾಣ್ದೋನ್ಗೆ ಕೋಟು! ಗದ್ದೆಗೆ ನೀರು ಕಟ್ಟಾಕೆ ಓಗೋನ್ಗೆ ಟೈ! ಅವ್ನ ಮೊಮ್ಮಕ್ಳು ಈಗ್ಲೂ ತಾತ ಬ್ಯಾಂಕ್ ಮ್ಯಾನೇಜರ್ ಆಗಿದ್ದ ಅನ್ಕಂಡವ್ರೆ! ಅದು ಮೋಸ ಅಲ್ಲ, ಇದು ಮೋಸವಾ?

ಏನ್ ತಲೆ ಅಲ್ಲಾಡಿಸ್ತೀಯ... ಮೊಕ ಮುಟ್ನಿಲ್ಲ ಅಂತಾನಾ? ಬಟ್ಟೆ ಬದ್ಲಾಯಿಸ್ದೆ, ಮೊಕ ಮುಟ್ನಿಲ್ಲ ಅಂತ? ಓಹೋ! ದೊಡ್ಡ ಧರ್ಮಾತ್ಮ!

ಏಯ್, ಏಯ್, ಅದ್ನ ಮುಟ್ಬ್ಯಾಡ! ಹಾರ್ಡ್‌ಡಿಸ್ಕು ಮುಟ್ಬ್ಯಾಡ! ಅತ್ಗೆ ಫೋಟೋ ಇದ್ದಿದ್ದು ಅದ್ರಲ್ಲೇ, ಕೆಟ್ಟೋಗದೆ ಅದು. ಅದಕ್ಕೇ ಯೋಳಾಕ್ ಆಗ್ದೆ ಇದೆಲ್ಲಾ ಮಾಡಿದ್ದು. ತೊಣ್ಣೂರು ಕೆರೆ ತಾವ ಪ್ರೀವೆಡ್ಡಿಂಗ್ ಶೂಟು ಇತ್ತು, ಬಂಡೆ ಮೇಲೆ ಬ್ಯಾಗ್ ಮಡಗಿದ್ದೆ, ಜಾರಿ ನೀರಿಗೆ ಬಿತ್ತು. ಎಲ್ಲಾ ಓಯ್ತು. ಒಂದ್ ವರ್ಷದ ಕೆಲ್ಸ ಓಯ್ತು. ನಂಗೂ ಹೊಟ್ಟೆ ಉರೀತದೆ.

ಏನು, ಲೈಟು ಉರೀತದಾ ಅದ್ರಲ್ಲಿ? ...ಇದು ಬೇರೆ ಹಾರ್ಡ್‌ಡಿಸ್ಕು. ಬೇರೆ ಅಣ್ಣಾ. ಇದೇ ಅಲ್ಲ. ನೀನು ಕೊಡಿಸಿದ್ದು ಇದೇ, ಆದ್ರೆ ನೀರಿಗೆ ಬಿದ್ದಿದ್ದು... ಥೂ, ಏನಾದ್ರೂ ಅಂದ್ಬುಡು ಅಣ್ಣಾ! ಬೈದ್ಬುಡು! ಇಂಗ್ ನಿಂತ್ಕಂಡ್ರೆ ನಾನು ಏನ್ ಮಾಡ್ಲಿ!

ಡಿಲೀಟ್ ಮಾಡ್ದೆ.

ಡಿಲೀಟ್ ಮಾಡ್ದೆ ಅಂದ್ನಲ್ಲ, ಕೇಳ್ನಿಲ್ವಾ? ಎಲ್ಲಾನೂವೆ. ಮುನ್ನೂರು ಚಿಲ್ರೆ ಇದ್ವು. ಕ್ಲಾಸಲ್ಲಿ ಯೋಳ್ತಾರೆ ಅಣ್ಣಾ, ಕಲಿಯೋ ಕಾಲ್ದ ಕೆಟ್ಟ ಫೋಟೋ ಇಟ್ಕಂಡ್ರೆ ಕೈ ಬೆಳಿಯಾಕಿಲ್ಲ, ಕರುಣೆ ಇಲ್ದಂಗೆ ತೆಗ್ದ್ ಬಿಸಾಕಿ, ಚೆನ್ನಾಗಿರಾದು ಮಾತ್ರ ಮಡಿಕಳಿ ಅಂತ. ಅದು ನಿಯಮ. ಪ್ರಪಂಚ್ದಾಗೆ ಎಲ್ಲಾ ಫೋಟೋಗ್ರಾಫರೂ ಅಂಗೇ ಮಾಡಾದು. ನಾನು ಕಲೀಬೇಕು ಅಂತಿದ್ದೆ, ಮುಂದೆ ಬರ್ಬೇಕು ಅಂತಿದ್ದೆ, ತಪ್ಪಾ? ಅವು ಕೆಟ್ಟವೇ ಕಣಣ್ಣ! ಅತ್ಗೆ ಒಂದ್ ಗಳ್ಗೆ ಸುಮ್ನೆ ಕೂತ್ಕತಿರ್ನಿಲ್ಲ. ಮಾತಾಡೋರು. ಕೋಳಿ ಓಡಿಸೋರು. ‘ಉಂಡ್ಯಾ ನೀನು?’ ಅಂತ ಮಧ್ಯದಲ್ಲಿ ಎದ್ದೇ ಬುಡೋರು. ನಗ್ತಾನೇ ಇರೋರು. ಒಂದ್ರಲ್ಲೂ ಫೋಕಸ್ ಕೂತಿರ್ನಿಲ್ಲ. ಎಲ್ಲಾ ಬ್ಲರ್ರು. ನಗುನೇ ಬ್ಲರ್ರು! ಅವರು ಸಾಯ್ತಾರೆ ಅಂತ ನಂಗೇನ್ ಕನ್ಸಾ? ಐವತ್ತೆರಡು ವಯ್ಸು. ಎದೆನೋವು ಅಂದ್ರಂತೆ, ಆಸ್ಪತ್ರೆಗೆ ಓಗೋಕ್ಮುಂಚೆನೇ...

ಯಾವಾಗ ಅಂತಾನಾ? ಯಾವಾಗ ಆದ್ರೇನು! ನಿಂಗ್ಯಾಕೆ ದಿನ? 

...ಅವತ್ತೇ. ಪಾಂಡವಪುರದ ಆ ಛತ್ರದಲ್ಲಿ. ನಾನು ಹೊಸ ಕ್ಯಾಮೆರಾ ಹಿಡ್ಕಂಡು ಮೊದ್ಲ ಮದ್ವೆ ತೆಗೀತಿದ್ನಲ್ಲ, ನೀನು ಊಟಕ್ ಬಂದಿದ್ದೆ. ಗಂಡಿನ ಕಡೆಯೋರ ಮುಂದೆ, ವಿಡಿಯೋ ಹುಡುಗ್ರ ಮುಂದೆ ಏನಂದೆ ನೀನು? ‘ಕ್ಯಾಮೆರಾ ದೊಡ್ದಾಯ್ತು, ಇವ್ನ ಕಣ್ಣು ಬೆಳೀನಿಲ್ಲ’ ಅಂದೆ! ಎಲ್ರೂ ನಕ್ರು. ಪಾಯಸ ಬಡಿಸೋನೂ ನಕ್ಕ. ನೀನೂ ನಕ್ಕೆ! ನಿನಗೆ ಮರ್ತೋಗಿರ್ಬೋದು. ನಂಗೆ ಮರ್ತೋಗಿಲ್ಲ. ಮನೆಗೆ ಬಂದವ್ನೇ ಕಂಪ್ಯೂಟರ್‌ಗೆ ಹಾರ್ಡ್‌ಡಿಸ್ಕ್ ಹಾಕ್ದೆ. ನಿನ್ ಸ್ಟುಡಿಯೋದು, ನಿನ್ ಹಿತ್ತಿಲ್ದು, ನಿನ್ ಮನೇದು ಏನೂ ಬ್ಯಾಡ ಅಂತ ಅಳಿಸ್ತಾ ಕೂತ್ಕಂಡೆ.

ಆದ್ರೆ ಕೆಟ್ಟವೇ ಅಣ್ಣಾ. ಆಣೆ ಮಾಡ್ತೀನಿ. ಇದ್ದಿದ್ರೂ ಎಡೆ ಮುಂದೆ ಮಡಗಾಕೆ ಆಯ್ತಿರ್ನಿಲ್ಲ. ಒಂದೂ ಶಾರ್ಪಿರ್ನಿಲ್ಲ. ಒಂದೂ...

ಕೂತ್ಕಂಡ್ಯಾ? ಈಗ ಕೂತ್ಕಂಡ್ಯಾ? ಕೂತ್ಕೊ ಅಂದಾಗ ಕೂತ್ಕಳ್ನಿಲ್ಲ. ಎದ್ದೋಗಣ್ಣಾ. ಬಸ್ಸು ಬತ್ತದೆ. ಆಧಾರ್ ಫೋಟೋನೇ ದೊಡ್ದು ಮಾಡಿ ಕೊಡ್ತೀನಿ, ಮೊಕ ಮುಟ್ಟಾಕಿಲ್ಲ, ಇರಾಂಗೇ ಕೊಡ್ತೀನಿ, ತಗೊಂಡೋಗು... ಯಾಕ್ ನೋಡ್ತೀಯ ಅಂಗೆ? ಯೋಳಿದ್ನಲ್ಲ ಎಲ್ಲಾನೂ! ಇನ್ನೇನ್ ಯೋಳಾದು! ಮುನ್ನೂರೂ ಬ್ಲರ್ರೇ ಅಂದ್ನಲ್ಲ! ಒಂದೊಂದೇ ದೊಡ್ದು ಮಾಡಿ ನೋಡಿವ್ನಿ ನಾನು!

...

ಒಂದಿತ್ತು.

ಒಂದ್ ಮಧ್ಯಾಹ್ನ ನೀನು ಬೇಗ ಎದ್ದ್ಬುಟ್ಟೆ. ಲುಂಗಿ ಕಟ್ಕಂಡು ನನ್ ಹಿಂದ್ಗಡೆ ಬಂದು ನಿಂತ್ಕಂಡೆ. ನಂಗ್ ಗೊತ್ತಾಗ್ನಿಲ್ಲ. ಅತ್ಗೆ ನಂಗೆ ಏನೋ ಯೋಳ್ತಿದ್ದೋರು ಮಾತು ನಿಲ್ಸಿ, ತಲೆ ಎತ್ತಿ, ನನ್ ಭುಜದ ಮೇಲಿಂದ ನಿನ್ನ ನೋಡಿದ್ರು. ಸೆರಗು ಎಳ್ಕಳ್ನಿಲ್ಲ. ಅಂಗೇ ಇದ್ರು. ನಾನು ಒತ್ತಿದ್ದೆ.

ಹೂಂ. ಶಾರ್ಪಿತ್ತು. ರೆಪ್ಪೆಗೂದ್ಲು ಎಣಿಸ್ಬೋದಿತ್ತು. ನಾನು ತೆಗ್ದಿರಾದ್ರಲ್ಲಿ ಅಂಥದ್ದು ಆಮೇಲೂ ಬಂದಿಲ್ಲ.

ಅದ್ನೇ ಕಣಣ್ಣ ಮೊದ್ಲು ಡಿಲೀಟ್ ಮಾಡಿದ್ದು.