ಕಾಣದ ಹಳದಿ ಚುಕ್ಕಿ

ಕಣ್ಣಿನ ಡಾಕ್ಟರ ಬಾಗಿಲಲ್ಲಿ ಸರದಿ ಕಾಯುತ್ತಿದ್ದ ಟೈಲರಮ್ಮನ ಕಿವಿ ಪಕ್ಕದ ಇಬ್ಬರು ಹೆಂಗಸರ ಮಾತಿಗೆ ಅಂಟಿಕೊಂಡಿತ್ತು. ಇಬ್ಬರೂ ಯಾವುದೋ ಲೇಸರ್ ಲ್ಯಾಬಿನವರು. ಕಿರಿಯಳ ಮುಖ ಬಾಡಿತ್ತು.

"ಎರಡು ತಿಂಗಳು ಫರ್ನೇಸಲ್ಲಿ ಬೆಳೆಸಿದ ಹೊಸ ಹರಳು, ಅಕ್ಕಾ. ಹಸಿರು ಬೆಳಕು ಒಳಗೆ ಬಿಟ್ರೆ ಹಳದಿಯಾಗಿ ಹೊರಗೆ ಬರಬೇಕು. ಮೂರು ದಿನದಿಂದ ನನಗೆ ಏನೂ ಕಾಣ್ತಿಲ್ಲ."

"ನಿನ್ನೆ ನಾನು ನೋಡಿದಾಗ ಪರದೆ ಮೇಲೆ ಹಳದಿ ಚುಕ್ಕಿ ಚೆನ್ನಾಗೇ ಇತ್ತಲ್ಲೇ!"

"ಅದಕ್ಕೇ ಇಲ್ಲಿಗೆ ಬಂದಿದ್ದು. ನನ್ನ ಕಣ್ಣೇ ಕೈಕೊಟ್ಟಿದೆ."

"ಯಾವ ಕನ್ನಡಕ ಹಾಕ್ಕೊಂಡಿದ್ದೆ?"

"ಲೇಸರ್‌ನಿಂದ ಕಣ್ಣು ಕಾಯೋದೇ. ಬಾಗಿಲ ಹಿಂದೆ ಮೊಳೆಗೆ ನೇತುಹಾಕಿರ್ತೀವಲ್ಲ, ಆ ಕಪ್ಪು ಗಾಜಿಂದು."

"ಅಯ್ಯೋ ಪುಣ್ಯಾತ್ಗಿತ್ತಿ! ಅದು ಹಸಿರಿನ ಜೊತೆ ಹಳದಿಯನ್ನೂ ತಡೆಯುತ್ತೆ ಕಣೇ. ಹಸಿರನ್ನ ಮಾತ್ರ ತಡೆಯೋದು ಕಿತ್ತಳೆ ಗಾಜಿಂದು."

ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

"ಹಂಗಾದ್ರೆ ಹರಳು ಪಾಸಾ?"

"ಹರಳೂ ಪಾಸು, ನಿನ್ನ ಕಣ್ಣೂ ಪಾಸು. ಏಳು, ನಡಿ!"

ಕಿರಿಯಳು ಹೋಗುವಾಗ ತನ್ನ ಸರದಿ ಚೀಟಿಯನ್ನು ಟೈಲರಮ್ಮನ ಕೈಗಿಟ್ಟಳು. ಟೈಲರಮ್ಮ ತನ್ನ ಕನ್ನಡಕ ತೆಗೆದು ನೋಡಿದಳು: ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಪುಡಿ ಗಾಜಿನ ತುಂಬ ಕೂತಿತ್ತು. ಒರೆಸಿ ಹಾಕಿಕೊಂಡಳು. ಎದುರುಗೋಡೆಯ ಅಕ್ಷರಪಟ್ಟಿಯ ಕೊನೆಯ ಸಾಲೂ ಕಂಡಿತು.

ಎರಡೂ ಚೀಟಿಗಳನ್ನು ಹಿಂದಿನವರಿಗೆ ಕೊಟ್ಟು ಎದ್ದಳು.