ಗೋಣಿಚೀಲದಡಿ ಕೂಗಿದ ಫೋನುಗಳು

ಬಸ್ಸು ಸಮುದ್ರದ ದಂಡೆಯ ಮೀನು ಕಾರ್ಖಾನೆಯತ್ತ ಹೊರಟಿತ್ತು. ನನ್ನ ಮುಂದಿನ ಸೀಟಿನಲ್ಲಿ ಅಲ್ಲಿ ಸಿಗಡಿ ಸುಲಿಯುವ ಅತ್ತಿಗೆ, ನಾದಿನಿ ಕೂತಿದ್ದರು. ಅಲ್ಲಿ ಕೆಲಸದವರ ಫೋನುಗಳನ್ನೆಲ್ಲ ಗೇಟಿನಲ್ಲೇ ಪೆಟ್ಟಿಗೆಗೆ ಹಾಕಿಸಿ ಬೀಗ ಜಡಿಯುತ್ತಾರಂತೆ.

"ಅತ್ತಿಗೆ, ನಿನ್ನೆ ಸುನಾಮಿ ಅಲರ್ಟ್ ಬಂದಾಗ ಪೆಟ್ಟಿಗೇಲಿದ್ದ ಫೋನೆಲ್ಲಾ ಒಟ್ಟಿಗೇ ಕೂಗಿದ್ವಂತೆ. ವಾಚ್‌ಮನ್ ಸದ್ದಾಗಬಾರ್ದು ಅಂತ ಗೋಣಿಚೀಲ ಹೊದಿಸಿದ್ನಂತೆ."

"ಪಾಪ, ಫೋನಿಗೆ ಚಳಿ ಆಗಿತ್ತೇನೋ."

"ನಗಬೇಡಿ. ಮ್ಯಾನೇಜರ್ ಫೋನ್ ಮಾತ್ರ ಅವರ ಜೇಬಲ್ಲೇ ಇತ್ತು. ನೋಡಿದ್ದೇ ತಡ, ಕಾರಿನ ಹತ್ರ ಓಡಿದ್ರಂತೆ."

"ನಮ್ಮನ್ನ ಕರೀದೇನೇ?"

"ಕರೀದೇನೇ. ಪೂರ್ತಿ ಓದಿ, ಬರೀ ಪರೀಕ್ಷೆಗೆ ಕಳಿಸಿದ ಅಲರ್ಟ್ ಅಂತ ಗೊತ್ತಾದ ಮೇಲೆ ವಾಪಸ್ ಬಂದು ಕೂತ್ರು."

ಅತ್ತಿಗೆಯ ನಗು ನಿಂತಿತು. ಕಿಟಕಿಯಾಚೆ ರಸ್ತೆಗೂ ನೀರಿಗೂ ನಡುವೆ ಇದ್ದದ್ದು ಒಂದು ಮೋಟುಗೋಡೆ.

"ಇವತ್ತು ನಾನು ಫೋನ್ ಕೊಡಲ್ಲ, ಅತ್ತಿಗೆ. ಬಟ್ಟೆಯೊಳಗೆ ಇಟ್ಕೊಂಡಿದೀನಿ."

"ಹುಚ್ಚಿ! ಸಿಕ್ಕಿಬಿದ್ರೆ ಕೆಲಸ ಹೋಗುತ್ತೆ. ಸೈಲೆಂಟಲ್ಲಾದ್ರೂ ಇಟ್ಟಿದೀಯಾ?"

"ಇಟ್ಟಿದೀನಿ. ಆದ್ರೆ ಈ ಅಲರ್ಟ್ ಸೈಲೆಂಟಲ್ಲಿದ್ರೂ ಕೂಗುತ್ತೆ."

"ಕೂಗಿದ್ರೆ ನಿನ್ನ ಹಿಡೀತಾರಲ್ಲೇ!"

"ಹಿಡಿಯೋಕೆ ಬಂದವ್ರೂ ಆಗ ಓಡ್ಬೇಕಾಗುತ್ತೆ."

ಬಸ್ಸು ಕಾರ್ಖಾನೆಯ ಗೇಟಿನೆದುರು ನಿಂತಿತು. ಏಳುವಾಗ ಅತ್ತಿಗೆ ತಗ್ಗಿದ ದನಿಯಲ್ಲಿ ಕೇಳಿದಳು.

"ಇವತ್ತು ನಿನ್ನ ಪಕ್ಕದಲ್ಲೇ ಕೂತ್ಕೊಳ್ಳಲಾ?"

"ಕೂತ್ಕೊಳ್ಳಿ. ಬಾಗಿಲ ಕಡೆಗೆ ಕೂತ್ಕೊಳ್ಳಿ."

ನಾನು ಕಿಟಕಿಯಿಂದ ನೋಡಿದೆ. ಗೇಟಿನಲ್ಲಿ ಪೆಟ್ಟಿಗೆ ಬಾಯಿ ತೆರೆದಿತ್ತು. ಅತ್ತಿಗೆ ತನ್ನ ಫೋನನ್ನು ಅದರೊಳಗೆ ಹಾಕಿದಳು. ನಾದಿನಿ ವಾಚ್‌ಮನ್‌ಗೆ ಬರಿಗೈ ತೋರಿಸಿದಳು. ಇಬ್ಬರೂ ಕೈ ಹಿಡಿದುಕೊಂಡು ಒಳಗೆ ಹೋದರು.